ಗೋಡೆಯಾಚೆಯ ಶಹಬ್ಬಾಸ್

ಗಂಗವ್ವನಿಗೆ ಒಬ್ಬನೇ ಮಗ, ಅವನೂ ಪೆದ್ದ. ಹೆಸರು ಬಾಳಪ್ಪ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅದೇ ಅವನ ರೋಗ. ಆದರೂ ಹೇಗೋ ಕಾಲೇಜಿನ ಮೆಟ್ಟಿಲು ಹತ್ತಿದ್ದ.

ಗೋಡೆಯಾಚೆ ಭಾವನ ಮನೆ. ಅಲ್ಲಿ ಭಾವನ ಹೆಂಡತಿ, ಗಂಗವ್ವನ ನೆಗೆಣ್ಣಿ ಕಸ್ತೂರವ್ವ, ಅವಳ ಮಗ ಮಹಾಂತೇಶ. ಹುಡುಗರಿಬ್ಬರದೂ ಒಂದೇ ತರಗತಿ. ಕಾಲೇಜಿನ ಕಟ್ಟಡ ರಿಪೇರಿಗೆ ಬಂದು ಪಾಠವೆಲ್ಲ ಫೋನಿನ ಪರದೆಗೆ ಬಂದ ಮೇಲೆ ಗಂಗವ್ವನ ಹೊಟ್ಟೆಗೆ ಬೆಂಕಿ ಬಿತ್ತು. ಮಗ್ಗದ ಮುಂದೆ ಕೂತರೆ ಸಾಕು, ಮಾಸ್ತರರ ದನಿ: "ಶಹಬ್ಬಾಸ್ ಮಹಾಂತೇಶ." ಈಚೆಯ ಫೋನಿನಲ್ಲಿ ಒಮ್ಮೆ, ಆಚೆಯ ಫೋನಿನಲ್ಲಿ ಇನ್ನೊಮ್ಮೆ. ಅದರ ಹಿಂದೆಯೇ ಕಸ್ತೂರವ್ವನ ಕೆಮ್ಮು. ಕೇಳಿಸಿತೇ ಎಂದು ಕೆಮ್ಮುವ ಕೆಮ್ಮು.

ಒಂದೇ ಒಂದು ಸಲ 'ಶಹಬ್ಬಾಸ್ ಬಾಳಪ್ಪ' ಎಂಬುದು ಆ ಮನೆಯಲ್ಲಿ ಕೇಳಿಸಬೇಕು. ಗಂಗವ್ವನಿಗೆ ಬೇರೇನೂ ಬೇಡವಾಗಿತ್ತು.

"ಮಹಾಂತೇಶನ್ನ ನೋಡು, ಕಲ್ಲಿನಂಗ ಕೂಡತಾನ. ನೀನೂ ಪಾಠ ಮುಗಿಯೋತನಕ ಅಲುಗಾಡಬ್ಯಾಡ."

"ಆಗಲಿ ಯವ್ವಾ."

ಮರುದಿನ ಬಾಳಪ್ಪ ಕಲ್ಲಿನಂತೆ ಕೂತ. ಹಿಂದಿನಿಂದ ಆಡು ಬಂದು ಅವನ ಪುಸ್ತಕ ತಿನ್ನತೊಡಗಿತು.

"ಬಾಳಪ್ಪ, ಹಿಂದ ನೋಡೋ," ಎಂದರು ಮಾಸ್ತರರು. ಬಾಳಪ್ಪ ರೆಪ್ಪೆಯನ್ನೂ ಬಡಿಯಲಿಲ್ಲ.

"ಅವನ ಸಿಗ್ನಲ್ ಹೋಗೇತ್ರಿ ಸರ್, ನಿಂತಬಿಟ್ಟಾನ," ಎಂದ ಮಹಾಂತೇಶ.

"ಮತ್ತ ಆಡಿಗೆ ಹೆಂಗ ಸಿಗ್ನಲ್ ಸಿಕ್ಕೇತಿ?" ಎಂದಳು ಒಬ್ಬ ಹುಡುಗಿ. ತರಗತಿಗೆ ತರಗತಿಯೇ ನಕ್ಕಿತು.

ಗಂಗವ್ವ ಹಣೆ ಚಚ್ಚಿಕೊಂಡಳು. "ಹುಚ್ಚಾ, ಪಾಠದ ನಡುವ ಯಾರರೆ ಬಂದ್ರ ಕೋಲು ತಗೊಂಡು ಓಡಸಬೇಕು."

"ಆಗಲಿ ಯವ್ವಾ."

ಮರುದಿನ ಪಾಠದ ನಡುವೆ ಪ್ರಿನ್ಸಿಪಾಲರು ಬಂದರು. ಪರದೆಯಲ್ಲಿ ಅವರ ಮುಖ ಮೂಡಿದ್ದೇ ತಡ, ಬಾಳಪ್ಪ ಕೋಲು ಎತ್ತಿದ. "ಹಚಾ, ಹೊರಗ ನಡಿ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೋಡೆಯಾಚೆ ಕಸ್ತೂರವ್ವ ಈ ಸಲ ಕೆಮ್ಮಲಿಲ್ಲ, ನಕ್ಕಳು. "ಗಂಗಾ, ನಿನ್ನ ಮಗನ್ನ ಕಾಲೇಜು ಬಿಡಿಸಿ ಹೊಲ ಕಾಯಾಕ ಹಚ್ಚ. ಹಕ್ಕಿ ಚಲೋ ಓಡಸ್ತಾನ."

ಗಂಗವ್ವ ರೊಟ್ಟಿಯ ತಟ್ಟೆ ಸರಿಸಿ ಮಗನತ್ತ ತಿರುಗಿದಳು. "ದೊಡ್ಡವರು ಮನಿಗೆ ಬಂದ್ರ ಕೋಲು ಎತ್ತತಾರೇನೋ? ಕಾಲಿಗೆ ನೀರು ಕೊಡಬೇಕು, ಬಾಯಿಗೆ ಬೆಲ್ಲ ಕೊಡಬೇಕು."

"ಆಗಲಿ ಯವ್ವಾ. ನೀರು, ಬೆಲ್ಲ."

ಶನಿವಾರ ಪ್ರಿನ್ಸಿಪಾಲರು ಮತ್ತೆ ಬಂದರು. ಪರದೆಯ ಪಾಠ ಹಿಡಿಸಿತೋ ಇಲ್ಲವೋ, ಒಬ್ಬೊಬ್ಬರಾಗಿ ಹೇಳಿ ಎಂದರು. ಒಬ್ಬಳಿಗೆ ಕಣ್ಣುರಿ, ಒಬ್ಬನಿಗೆ ಗೆಳೆಯರಿಲ್ಲದ ಬೇಸರ. ಮಹಾಂತೇಶ, "ಬಸ್ಸಿನ ಹೊತ್ತು ಉಳೀತೈತ್ರಿ, ತಿಳೀದಿದ್ರ ಪಾಠ ಮತ್ತೊಮ್ಮೆ ಕೇಳಬಹುದ್ರಿ," ಎಂದ. ಶಹಬ್ಬಾಸ್ ಎರಡೂ ಮನೆಯಲ್ಲಿ ಕೇಳಿಸಿತು. ಕೆಮ್ಮೂ ಕೇಳಿಸಿತು. ಗಂಗವ್ವ ಮಗ್ಗ ನಿಲ್ಲಿಸಿ ಮಗನ ಕೋಣೆಯ ಬಾಗಿಲಿಗೆ ಬಂದಳು.

"ನೀ ಏನಂತೀಪಾ, ಬಾಳಪ್ಪ?" ಎಂದರು ಪ್ರಿನ್ಸಿಪಾಲರು.

"ಭಾಳ ಚಲೋ ಐತ್ರಿ ಸರ್. ಮೊದಲ ನಾವು ನಿಮ್ಮ ಕಡೆ ಬರತಿದ್ವಿ, ಈಗ ನೀವ ನಮ್ಮ ಮನಿಗೆ ಬರಾಕತ್ತೀರಿ. ನಾ ಇನ್ನೂ ಕಾಲಿಗೆ ನೀರೂ ಕೊಟ್ಟಿಲ್ರಿ. ತಪ್ಪಾತು."

ಪರದೆಯಲ್ಲಿ ಪ್ರಿನ್ಸಿಪಾಲರು ಎದೆಯವರೆಗೆ ಮಾತ್ರ ಕಾಣುತ್ತಿದ್ದರು. ಕಾಲು ಅದರ ಕೆಳಗಿರಬೇಕು ಎಂದುಕೊಂಡು ಬಾಳಪ್ಪ ತಂಬಿಗೆ ನೀರನ್ನು ಫೋನಿನ ಬುಡಕ್ಕೆ ಸುರಿದ. ಗಂಗವ್ವ "ಬ್ಯಾಡೋ" ಎನ್ನುವಷ್ಟರಲ್ಲಿ ತಂಬಿಗೆ ಖಾಲಿ, ಫೋನು ಕಪ್ಪು.

ಗೋಡೆಯಾಚೆಯ ಫೋನಿನಲ್ಲಿ ಪ್ರಿನ್ಸಿಪಾಲರು ನಗುತ್ತಿದ್ದರು. ನಕ್ಕು ನಕ್ಕು ಹೇಳಿದರು: "ಇಷ್ಟು ಮಂದಿಯೊಳಗ ನಾವು ಮನಿಗೆ ಬಂದವರು ಅಂತ ತಿಳಿದವ ಇವನೊಬ್ಬನ. ಶಹಬ್ಬಾಸ್ ಬಾಳಪ್ಪ."

ಗಂಗವ್ವ ಗೋಡೆಗೆ ಕಿವಿ ಹಚ್ಚಿದಳು. ಕಸ್ತೂರವ್ವನ ಮನೆಯಲ್ಲಿ, ಕಸ್ತೂರವ್ವನ ಮಗನ ಫೋನಿನಲ್ಲಿ, ತನ್ನ ಮಗನ ಹೆಸರು. ಗಂಗವ್ವ ಕೆಮ್ಮಿದಳು. ಗಂಟಲು ನೆಟ್ಟಗೇ ಇತ್ತು.

ಆಚೆಯಿಂದ ಕಸ್ತೂರವ್ವನ ದನಿ: "ಕೇಳಿದ್ಯಾ? ಆ ಪೆದ್ದಗ ಇರೋ ಬುದ್ಧಿ ನಿನಗಿಲ್ಲ. ಸರಿ ಅತ್ತಾಗ."

"ಬ್ಯಾಡ ಯವ್ವಾ, ಯವ್ವಾ, ಫೋನು..."

ದಬದಬನೆ ನೀರು ಸುರಿದ ಸದ್ದು. ತಂಬಿಗೆಯದಲ್ಲ, ಕೊಡದ್ದು. ಪ್ರಿನ್ಸಿಪಾಲರ ನಗು ಅರ್ಧಕ್ಕೇ ನಿಂತಿತು.

ಬಾಳಪ್ಪ ತನ್ನ ಫೋನು ಒರೆಸುತ್ತ ಹೇಳಿದ: "ಯವ್ವಾ, ದೊಡ್ಡವ್ವನೂ ನೀರು ಕೊಟ್ಟಳು. ಬೆಲ್ಲ ಇನ್ನೂ ಯಾರೂ ಕೊಟ್ಟಿಲ್ಲ."

ಗಂಗವ್ವ ಮಗನ ಮುಖ ನೋಡಿದಳು, ಗೋಡೆ ನೋಡಿದಳು. ಬೈಯಲಿಲ್ಲ. ಒಳಗೆ ಹೋಗಿ ಡಬ್ಬಿಯಲ್ಲಿದ್ದುದರಲ್ಲೇ ದೊಡ್ಡ ಬೆಲ್ಲದ ಅಚ್ಚು ತಂದು ಅವನ ಕೈಗಿಟ್ಟಳು.

"ಫೋನಿನ ತುಂಬ ಹಚ್ಚು. ಲಗೂನ. ಆಕಿ ಹಚ್ಚೋದರೊಳಗ."