ಹಾಸುಗಲ್ಲಿನ ಮೇಲೆ ಐದನೆಯವಳು

ಪೂಜ್ಯ ನಾಗಲಿಂಗವ್ವ ತಾಯಿಯವರು ಆಗ ಪಾಳುಬಿದ್ದ ಕಲ್ಲುಕ್ವಾರಿಯೊಳಗೆ, ತಗಡಿನ ಚಪ್ಪರವೊಂದರಲ್ಲಿ ವಾಸವಾಗಿದ್ದರು. ಆ ಮಧ್ಯಾಹ್ನ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿರಲು, ಓಟ ಕಲಿಸುವ ರಾಚೋಟಿ ಮಾಸ್ತರರು ನಾಲ್ವರು ಹುಡುಗಿಯರೊಂದಿಗೆ ಬಂದು ಅಡ್ಡಬಿದ್ದರು.

“ತಾಯೀ, ರಾಜ್ಯದ ಓಟಕ್ಕ ಒಬ್ಬಾಕಿನ್ನಷ್ಟ ಕಳಸಬೇಕು. ನಮ್ಮ ಕಸ್ತೂರಿನ್ನ ಆರಿಸೀನಿ. ಆಶೀರ್ವಾದ ಮಾಡ್ರಿ.”

ತಾಯಿಯವರು ಹುಡುಗಿಯರನ್ನು ನೋಡಿದರು. “ಇನ್ನೊಬ್ಬಾಕಿ ಎಲ್ಲಿ?”

ಮಾಸ್ತರರು ಕೊರಳಿನ ಸ್ಟಾಪ್‌ವಾಚನ್ನು ಹಿಡಿದುಕೊಂಡರು. ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ಫಕೀರವ್ವನನ್ನು ಹಿಂದಿನ ವಾರ ತಾವು ತಂಡದಿಂದ ಬಿಡಿಸಿದ್ದನ್ನು ತಾಯಿಯವರಿಗೆ ಯಾರೂ ಹೇಳಿರಲಿಲ್ಲ. “ಆಕಿ ಎಡಗಾಲು ಒಳಗ ತಿರುಗತೈತ್ರಿ. ಓಡೂದು ನೋಡಾಕ ಆಗಂಗಿಲ್ಲ.”

“ಹಂಗಾರ ನೋಡಬ್ಯಾಡ.”

ತಾಯಿಯವರು ಮಾಸ್ತರರನ್ನು ಬಂಡೆಗೆ ಮುಖ ಮಾಡಿ ಕೂರಿಸಿದರು. ಹುಡುಗಿಯರು ಆಚೆ ತುದಿಯಿಂದ ಒಬ್ಬೊಬ್ಬರೇ ಓಡಿಬಂದು, ಬೆನ್ನ ಹಿಂದಿನ ಹಾಸುಗಲ್ಲನ್ನು ತುಳಿಯಬೇಕು. ತಾಯಿಯವರು ಚಪ್ಪಾಳೆ ತಟ್ಟಿದಾಗ ಸ್ಟಾಪ್‌ವಾಚ್ ಶುರು, ಕಲ್ಲು ಸದ್ದಾದಾಗ ಬಂದ್.

“ಯಾರು ಅನ್ನೂದು ಬಿಡು. ಎಷ್ಟು ಅನ್ನೂದು ಕೇಳು.”

ಮೊದಲನೆಯವಳು ಬಂದಳು; ಎರಡನೆಯವಳು. ವಾಚು ಒತ್ತುವ ಮುನ್ನ ಮಾಸ್ತರರ ಹೆಬ್ಬೆರಳು ಪ್ರತಿಸಲವೂ ‘ಕಸ್ತೂರಿಯೇನು?’ ಎಂದು ತಡವರಿಸುತ್ತಿತ್ತು. ಇಷ್ಟು ವರ್ಷ ಕಸ್ತೂರಿ ಗೆರೆ ಮುಟ್ಟುವ ಮೊದಲೇ ತಮ್ಮ ಬೆರಳು ವಾಚನ್ನು ನಿಲ್ಲಿಸಿಬಿಡುತ್ತಿತ್ತೆಂದು ಅವರಿಗೆ ಆಗ ಹೊಳೆಯಿತು.

ನಾಲ್ವರದೂ ಆಯಿತು. ಮತ್ತೆ ಚಪ್ಪಾಳೆ. ಹೆಜ್ಜೆಗಳು ಬಂದವು: ಒಂದು ಸ್ಪಷ್ಟ, ಒಂದು ಕೆರೆದಂತೆ. ಕಲ್ಲು ಸದ್ದಾಯಿತು. ಆ ಸುಡುಬಿಸಿಲಲ್ಲಿ ಕತ್ತಿನ ಮೇಲೆ ತಣ್ಣನೆಯ ಉಸಿರು ಬಿತ್ತು.

ತಿರುಗಿದರೆ ಯಾರೂ ಇಲ್ಲ. ನಾಲ್ವರೂ ಚಪ್ಪರದ ಕೆಳಗೆ ಹುಣಸೆಹಣ್ಣು ಚೀಪುತ್ತಿದ್ದರು.

“ಐದನೇದಾಕಿ ಯಾರು?”

“ಬಿಸಲು ನೆತ್ತಿಗೇರೇತೇನ್ರಿ ಸರ್?” ಎಂದು ನಕ್ಕ ಕಸ್ತೂರಿ ಮರುಕ್ಷಣ ಹಾಸುಗಲ್ಲಿನತ್ತ ಬೆರಳು ಮಾಡಿದಳು. ಅಲ್ಲೊಂದು ಒದ್ದೆ ಪಾದದ ಗುರುತು, ಒಳಕ್ಕೆ ತಿರುಗಿದ್ದು, ಆರುತ್ತಿತ್ತು. ವಾಚಿನಲ್ಲಿ ಐದು ಓಟಗಳ ಸಮಯ ದಾಖಲಾಗಿತ್ತು. ಐದನೆಯದೇ ಎಲ್ಲಕ್ಕಿಂತ ಚುರುಕು.

ಕ್ವಾರಿಯ ಮಾರ್ದನಿ ಎನ್ನುವವರಿದ್ದಾರೆ. ಇದನ್ನು ಹೇಳುತ್ತಿರುವ ನಾನೂ ಒಂದು ಕಾಲಕ್ಕೆ ಹಾಗೆ ಅಂದವಳೇ. ಆದರೆ ಮಾರ್ದನಿ ಮೂಲ ಸದ್ದನ್ನೇ ಹಿಂದೆ ಹಾಕಿ ಓಡೀತೇ? ತಾಯಿಯವರಂತೂ ಮತ್ತೆ ಬೀಜ ತೆಗೆಯುತ್ತ ಕುಳಿತರು.

ಮಾಸ್ತರರು ನೇರ ಭಟ್ಟಿಗೆ ಹೋದರು. ಫಕೀರವ್ವನ ತಲೆಯ ಮೇಲೆ ಎಂಟು ಇಟ್ಟಿಗೆಗಳಿದ್ದವು.

“ನಾಳೆ ಮತ್ತ ಓಡಸ್ತೀನಿ. ಬರ್ತೀಯೇನವ್ವಾ?”

“ನೋಡಾವ್ರು ನೀವಽ ಆದ್ರ ನಾ ಒಲ್ಲೆರಿ.”

“ಬ್ಯಾರೆ ಊರವ್ರು ನೋಡ್ತಾರ. ನಿಮ್ಮ ಐದೂ ಮಂದಿ ಹೆಸರು ಸೈತ ಅವರಿಗೆ ಗೊತ್ತಿರಂಗಿಲ್ಲ. ನನಗ ನನ್ನ ಕಣ್ಣಿನ ಮ್ಯಾಲ ನಂಬಿಕಿ ಹೋಗೇತವ್ವಾ.”

ಫಕೀರವ್ವ ತಲೆ ಬಾಗಿಸಿದಳು, ಮಾಸ್ತರರು ಎರಡೂ ಕೈಯೊಡ್ಡಿ ಇಟ್ಟಿಗೆಗಳನ್ನು ಇಳಿಸಿಕೊಂಡರು.