ಕರಿಯವ್ವ ಕಣ್ಣು ಮುಚ್ಚಿ ನುಂಗಿದ್ದು

ಭೂಮಿಯ ಮೈಯಲ್ಲಿ ಇನ್ನೂ ಹೊಸ ಮಣ್ಣಿನ ವಾಸನೆ ಇದ್ದ ಕಾಲ ಅದು. ಬೆಟ್ಟಗಳು ಎಲ್ಲಿ ಕೂರೋದು ಅಂತ ಇನ್ನೂ ಜಾಗ ಹುಡುಕುತ್ತಿದ್ದವು. ಗಾಳಿ, ಹಳ್ಳ, ಹಕ್ಕಿ ಎಲ್ಲರಿಗೂ ಮಾತು ಬರುತ್ತಿತ್ತು.

ಆಗ ಕರಿಯವ್ವ ಅಂತ ಒಬ್ಬಳು ಎಮ್ಮೆ ಇದ್ದಳು. ಹಳ್ಳದ ದಂಡೆಯ ಗರಿಕೆ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಗರಿಕೆಯಲ್ಲೂ ಎಳೇ ತುದಿ ಮಾತ್ರ! ಎಂಥ ಬಿಂಕ ಅಂತೀರಿ!

ಅವಳ ಬೆನ್ನ ಮೇಲೆ ಸದಾ ಕೂತಿರುತ್ತಿದ್ದ ಗೊರವಂಕ ಕೇಳುತ್ತಿತ್ತು, "ಹುಣಸೆ ಚಿಗುರಿದೆ ಕಣಕ್ಕಾ, ತಿಂತೀಯಾ?"

"ಥೂ, ಅದರ ಬಣ್ಣ ನೋಡು."

"ಬಿದಿರೆಲೆ?"

"ಮೂಗಿಗೆ ಚುಚ್ಚುತ್ತೆ."

"ಕುಂಬಳದ ಬಳ್ಳಿ?"

"ಮೈಯೆಲ್ಲ ರೋಮ. ಬೇಡ ಅಂದ್ರೆ ಬೇಡ."

"ಒಂದ್ಸಲನಾದ್ರೂ ತಿಂದು ನೋಡಿದ್ದೀಯಾ?"

"ನೋಡಿದ್ರೇ ಗೊತ್ತಾಗುತ್ತೆ, ತಿನ್ನೋದು ಬೇರೆ ಯಾಕೆ?"

ಹೀಗೆ ಗರಿಕೆಯೊಂದನ್ನೇ ತಿಂದೂ ತಿಂದೂ ಒಂದು ದಿನ ದಂಡೆಯ ಗರಿಕೆಯೆಲ್ಲ ಖಾಲಿಯಾಯಿತು. ಕರಿಯವ್ವನ ಕೆಚ್ಚಲು ಬತ್ತಿತು. ಅವಳ ಪುಟ್ಟ ಕರು ಗುಂಡ ಬಂದು ಗುದ್ದಿ ಗುದ್ದಿ ಚೀಪಿದ. ಒಂದು ತೊಟ್ಟೂ ಇಲ್ಲ.

"ಅವ್ವಾ, ಹಸಿವು," ಅಂದ ಗುಂಡ.

ಕರಿಯವ್ವನ ಕರುಳು ಚುರುಕ್ ಅಂದಿತು. ಬಿಂಕವೆಲ್ಲ ಎತ್ತ ಹೋಯಿತೋ! "ಆಯ್ತಪ್ಪಾ, ತಿಂತೀನಿ. ಆದ್ರೆ ನನ್ನ ನಾಲಿಗೆಗೆ ಮಾತ್ರ ಗೊತ್ತಾಗಬಾರದು."

"ಗಾಳಿಯಣ್ಣಾ, ಆ ಎಲೆಗಳ ವಾಸನೆ ಒಂಚೂರು ಅತ್ತ ಹೊತ್ಕೊಂಡು ಹೋಗು," ಅಂತ ಬೇಡಿಕೊಂಡಳು. ಗಾಳಿ ನಗುತ್ತಾ ಬೀಸಿತು. ಕರಿಯವ್ವ ಕಣ್ಣು ಮುಚ್ಚಿದಳು. ಹುಣಸೆ ಚಿಗುರು, ಗುಳುಂ. ಬಿದಿರೆಲೆ, ಗುಳುಂ. ಕುಂಬಳದ ಬಳ್ಳಿ, ಗುಳುಂ ಗುಳುಂ! ಅಗಿಯಲೇ ಇಲ್ಲ. ಹೋಗಿ ಹಳ್ಳದ ನೀರಲ್ಲಿ ದೊಪ್ಪನೆ ಬಿದ್ದುಕೊಂಡಳು.

ಸ್ವಲ್ಪ ಹೊತ್ತಿಗೆ ಒಳಗಿಂದ ಹೊಟ್ಟೆ ಗುರುಗುಟ್ಟಿತು. "ಏನಮ್ಮಾ ಇದು? ಹೇಳದೆ ಕೇಳದೆ ತಂದು ಸುರಿದುಬಿಟ್ಟೆ! ಹುಳಿಯೋ ಸಿಹಿಯೋ ನಾಲಿಗೆ ಹೇಳದೆ ನಾನು ಹೆಂಗೆ ಹಾಲು ಮಾಡಲಿ?"

"ಹೆಂಗಾದ್ರೂ ಮಾಡು ಮಾರಾಯ್ತಿ!"

"ಆಗಲ್ಲ. ತಗೋ, ರುಚಿ ನೋಡಿ ಕಳಿಸು."

ಅಷ್ಟು ಹೇಳಿ ಹೊಟ್ಟೆ ಒಂದು ತುತ್ತನ್ನು ವಾಪಸ್ ಬಾಯಿಗೇ ಕಳಿಸಿತು. ಕರಿಯವ್ವ ಉಗುಳೋಣ ಅಂತಿದ್ದಳು. ದಂಡೆಯ ಮೇಲೆ ಗುಂಡ ಬಾಯಿ ತೆರೆದು ಕಾಯುತ್ತಿದ್ದ. ಮೂತಿ ಸೊಟ್ಟ ಮಾಡಿಕೊಂಡು ಒಂದು ಸಲ ಅಗಿದಳು.

ಅಗಿಯುತ್ತಿದ್ದ ಬಾಯಿ ನಿಂತಿತು. ಕಣ್ಣು ಅರಳಿತು.

"ಅಯ್ಯಯ್ಯೋ! ಹುಳಿ ಹುಳಿ! ಎಷ್ಟು ಚೆನ್ನಾಗಿದೆಯಲ್ಲೇ ಇದು!"

ಮತ್ತೊಂದು ತುತ್ತು ಬಂತು. "ಬಿದಿರೆಲೆ ಸಿಹಿ ಕಣೇ! ಯಾಕೆ ನನಗೆ ಮೊದಲೇ ಹೇಳಲಿಲ್ಲ?"

"ನಾನು ಹೇಳಲಿಲ್ಲವಾ?" ಅಂತ ಗೊರವಂಕ ರೆಕ್ಕೆ ಬಡಿದು ಬಡಿದು ನಕ್ಕಿತು. ಹಳ್ಳವೂ ಕುಲುಕುಲು ನಕ್ಕಿತು.

ಹೊಟ್ಟೆಗೆ ರುಚಿ ತಿಳಿಯಿತು. ಕೆಚ್ಚಲು ತುಂಬಿತು. ಕರಿಯವ್ವ ನೀರಿಂದೆದ್ದು ದಂಡೆಗೆ ಬಂದಳು. ಗುಂಡ ಓಡಿ ಬಂದು ಕುಡಿದ, ಕುಡಿದೇ ಕುಡಿದ, ಮೂತಿ ತುಂಬ ನೊರೆ ಮೆತ್ತಿಕೊಂಡು ಕುಣಿದಾಡಿದ.

ಅದಕ್ಕೇ ಮಗು, ಇವತ್ತಿಗೂ ಎಮ್ಮೆ ಮೊದಲು ಗಬಗಬ ನುಂಗಿ, ಆಮೇಲೆ ನೀರಲ್ಲೋ ನಡುರಸ್ತೆಯಲ್ಲೋ ಮಲಗಿ, ನೀನು ಎಷ್ಟು ಕೂಗಿದರೂ ಏಳದೆ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿರುತ್ತದೆ: ಅಂದು ಬೇಡ ಬೇಡ ಅಂದಿದ್ದನ್ನೆಲ್ಲ ಈಗ ಒಂದೊಂದೇ ತುತ್ತು ರುಚಿ ನೋಡುತ್ತಿದೆ.