ಮಣ್ಣೆತ್ತಿಗೆ ನೀರು ಕುಡಿಸಿದ ಶಾವಕ್ಕ

ಹ್ಞೂಂ ಅನಕೋತ ಕೇಳು, ನೀ ಸುಮ್ಮನಾದ್ರ ನಾನೂ ಸುಮ್ಮನಾಗ್ತೀನಿ. ಒಂದಾನೊಂದು ಕಾಲದಾಗ, ಇನ್ನೂ ನಮ್ಮಜ್ಜಿನೂ ಹುಟ್ಟಿದ್ದಿಲ್ಲ, ಒಂದೂರಾಗ ಶಾವಕ್ಕ ಅಂತ ನಿನ್ನಷ್ಟ ಹುಡುಗಿ ಇದ್ಲಂತ. ಅವರ ಮನ್ಯಾಗ ತಾಯಿ ಸತ್ತ ಒಂದು ಕರ ಇತ್ತಂತ. ನಾಳೆ ಮಣ್ಣೆತ್ತಿನ ಅಮಾಸಿ ಅನ್ನೂ ದಿನ ಅವ್ವ ಹೊಲಕ್ಕ ಹೊಂಟಾಕಿ, ಕರಕ್ಕ ಹುಲ್ಲು ಹಾಕು, ನೀರು ಕುಡಸು, ಬಿಸಲೇರಿದ್ರ ನೆರಳಿಗೆ ಕಟ್ಟು, ಅದರ ಜೀವ ನಿನ್ನ ಕೈಯಾಗೈತಿ ಅಂತ ಹೇಳಿ ಹೋದ್ಲಂತ. ಹ್ಞೂಂ ಅಂದ್ಲಂತ ಶಾವಕ್ಕ. ಹ್ಞೂಂ ಅನ್ನಾಕ ಏನ ಖರ್ಚು?

ಆಮ್ಯಾಲ ಕೆರಿ ಮಣ್ಣು ನಾದಿ, ನಾಳಿನ ಪೂಜಾಕ್ಕ ಒಂದು ಎತ್ತು ಮಾಡಿದ್ಲಂತ. ಜ್ವಾಳದ ಕಾಳಿನ ಕಣ್ಣು, ದಂಟಿನ ಕೋಡು. ಎಷ್ಟ ಚೆಂದ ಆತಂದ್ರ ಅದನ್ನ ಬಿಟ್ಟು ಏಳಾಕ ಆಕಿಗೆ ಮನಸಾಗಲಿಲ್ಲಂತ. ಹಿತ್ತಲದಾಗ ಕರ ಅಂಬಾ ಅಂದ್ರ ಬಂದೆ ಬಂದೆ ಅಂತಿದ್ಲು, ಏಳತಿದ್ದಿಲ್ಲ. ಎತ್ತಿಗೆ ಹುಲ್ಲು ಹಿಡದ್ಲಂತ, ತಿನ್ನಲಿಲ್ಲ. ಸಿಟ್ಟು ಬಂದಿರಬೇಕು ಅಂತ ಮೈ ತುರಿಸಿದ್ಲಂತ, ಬಾಲ ಆಡಿಸಲಿಲ್ಲ. ನೀರಡಿಸಿರಬೇಕು ಅಂತ ಕೊಡ ಬಗ್ಗಿಸಿ ಮಾರಿ ಮ್ಯಾಲ ಹೊಯ್ದ್ಲಂತ. ಹೋತು. ಕೋಡು ಬಿತ್ತು, ಕಣ್ಣು ಹರದು ಹೋತು, ಎತ್ತೆಲ್ಲಾ ರಾಡಿ ಆತಂತ.

ನನ್ನ ಎತ್ತು ಸತ್ತಿತು ಅಂತ ಶಾವಕ್ಕ ಬೋರ್ಯಾಡಿ ಅಳಾಕ ಹತ್ತಿದ್ಲಂತ. ಬಾಜೂಮನಿ ಕುಂಬಾರ ಈರವ್ವ ಓಡಿ ಬಂದ್ಲಂತ. ಹುಟ್ಟಿದಾಗಿಂದ ಮಣ್ಣು ತುಳದಾಕಿ, ಆಕಿಗೆ ಗೊತ್ತಿಲ್ಲೇನ? ಅದು ಉಂಡಿತ್ತೇನ, ಉಸರಾಡಿತ್ತೇನ, ಬೆಳದಿತ್ತೇನ ಅಂತ ಕೇಳಿದ್ಲಂತ. ಇಲ್ಲ ಅಂದ್ಲಂತ ಹುಡುಗಿ.

"ಹಂಗಾರ ಅದು ಸತ್ತಿಲ್ಲ, ತಂಗಿ. ಮಣ್ಣಿತ್ತು, ಮಣ್ಣಾತು, ಮತ್ತ ಮಾಡಾಕ ಬರ್ತೈತಿ. ಸಾಯೂವಂಥಾದ್ದು ನಿಮ್ಮ ಹಿತ್ತಲದಾಗ ಐತಿ. ಅದನ್ನ ನೋಡಿಯೇನ?"

ಶಾವಕ್ಕ ದಡಬಡಿಸಿ ಎದ್ಲಂತ. ಓಡಿ ಹೋಗಿ ನೋಡಿದ್ರ ಸುಡೂ ಬಿಸಲಾಗ ಕರ ಅಡ್ಡಬಿದ್ದಿತ್ತಂತ, ನಾಲಿಗಿ ಹೊರಗ ಚಾಚಿತ್ತಂತ. ಕೊಡದ ತಳದಾಗ ಒಂದ ಬೊಗಸಿ ನೀರು ಉಳದಿತ್ತು. ಅದನ್ನ ಬಾಯಿಗೆ ಹಚ್ಚಿದ್ಲಂತ, ಅಲಗಲಿಲ್ಲ. ಕಿವಿ ಹಿಡದು ಕರದ್ಲಂತ, ಅಲಗಲಿಲ್ಲ. ಹೊಟ್ಟಿ ಮ್ಯಾಲ ಕೈ ಇಟ್ರ, ಸಣ್ಣಗ ಉಸರು ಏರಿ ಇಳೀತಿತ್ತಂತ. ಈರವ್ವ ಬಾವಿಯಿಂದ ಕೊಡ ತುಂಬಕೊಂಡು ಬಂದ್ಲು, ಇಬ್ರೂ ಕೂಡಿ ನೆರಳಿಗೆ ಎಳದು, ಹನಿ ಹನಿ ಹಾಕ್ಕೋತ ಕುಂತ್ರಂತ. ಆಮ್ಯಾಲ ಕಿವಿ ಅಲಗಿತಂತ, ಆಮ್ಯಾಲ ಕಣ್ಣು ತಗೀತಂತ, ಆಮ್ಯಾಲ ಶಾವಕ್ಕನ ಅಂಗೈ ನೆಕ್ಕಿತಂತ. ಆಕಿ ನಕ್ಕೋತನೂ ಅತ್ತಳು, ಅಳಕೋತನೂ ನಕ್ಕಳು.

ಸಂಜಿಗೆ ಅವ್ವ ಬಂದಾಗ ಹುಡುಗಿ ಒಂದೂ ಮುಚ್ಚಿಡದ ಹೇಳಿದ್ಲಂತ. ಅವ್ವ ಬೈಲಿಲ್ಲ, ಸೀದಾ ಹೋಗಿ ಈರವ್ವನ ಕೈ ಹಿಡಕೊಂಡು, ನನ್ನ ಮನಿ ಉಳಿಸಿದಿ ತಾಯಿ ಅಂದ್ಲಂತ.

ಮರುದಿನ ಅಮಾಸಿ. ಈರವ್ವ ಹೊಸಾ ಎತ್ತು ಮಾಡಿ ಕೊಟ್ರೂ ಶಾವಕ್ಕ ಕುಂಕುಮ ಹಿಡಕೊಂಡು ಮೊದಲ ಹಿತ್ತಲಕ್ಕ ಹೋದ್ಲಂತ. ಇಷ್ಟಾದ್ರೂ ಉಳದ್ಯಲ್ಲ, ನಿನ್ನ ಉಪಕಾರ ಮರಿಯಂಗಿಲ್ಲ ಅಂತ ಕರದ ಕಾಲ ಮುಟ್ಟಾಕ ಬಗ್ಗಿದ್ಲು. ಮಣ್ಣಿಂದಾಗಿದ್ರ ಸುಮ್ಮನ ನಿಂದ್ರತಿತ್ತು. ಇದು ಕಾಲು ಝಾಡಿಸಿ, ಕುಂಕುಮ ಚೆಲ್ಲಿ, ಆಕಿನ್ನ ದಬಕ್ಕನ ಕೆಡವಿ ಹುಲ್ಲಿನ ಕಡೆ ಓಡಿತಂತ.

ಶಾವಕ್ಕ ಬಿದ್ದಲ್ಲೇ ಕುಂತು ಎರಡೂ ಕೈ ಮುಗದ್ಲಂತ. "ಒದಿ ನನ್ನಪ್ಪ, ಇನ್ನೊಮ್ಮೆ ಒದಿ" ಅಂದ್ಲಂತ.

ಕರ ಹುಲ್ಲಿಗೆ ಹೋತು, ಕತಿ ಮುಗೀತು, ನೀ ಇನ್ನ ಮಲಕೋ.